ಮರದ ಗಂಟಿನಿಂದ ಅಲಂಕಾರದ ಬೋಗುಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲೇತಿನಲ್ಲಿ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ನಾಲ್ಕಾರು ಸಾದಾ ಬಟ್ಟಲು ಕಡೆದು ಕೈ ಪಳಗಿದವರಿಗಾಗಿ ಇದನ್ನು ಬರೆದಿದೆ. ಅಳತೆ ಹೇಳುವ ಕಡೆಯೆಲ್ಲ 30 ಸೆಂ.ಮೀ. ಅಗಲ, 12 ಸೆಂ.ಮೀ. ದಪ್ಪದ, ಅರ್ಧ ತೆಂಗಿನಕಾಯಿಯ ಆಕಾರದ ಬೇವಿನ ಗಂಟನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇವೆ. ಹಸಿಯಾಗಿದ್ದರೆ ಅದು 5–6 ಕಿಲೋ ತೂಗುತ್ತದೆ.

ಹಲಗೆಯಲ್ಲಿ ಕಾಣುವ ಗಂಟಿಗೂ ಈ ಗಂಟಿಗೂ ಏನು ವ್ಯತ್ಯಾಸ?

ಹಲಗೆಯಲ್ಲಿ ಕಪ್ಪಗೆ, ಗುಂಡಗೆ ಕಾಣುವುದು ಕೊಂಬೆಯ ಬುಡ. ಇಲ್ಲಿ ಹೇಳುತ್ತಿರುವುದು ಕಾಂಡದ ಮೇಲೋ ಬೇರಿನ ಹತ್ತಿರವೋ ಗಡ್ಡೆಯ ಹಾಗೆ ಉಬ್ಬಿಕೊಂಡ ಭಾಗ. ಮರಗೆಲಸದವರು ಬರ್ಲ್ ಎನ್ನುವುದು ಇದಕ್ಕೇ. ಪೆಟ್ಟು, ಕೀಟ, ಶಿಲೀಂಧ್ರ ಇಂಥ ಯಾವುದೋ ತೊಂದರೆಗೆ ಮರ ಅಲ್ಲಿ ಮೊಗ್ಗಿನ ಮೇಲೆ ಮೊಗ್ಗು ಹೊರಡಿಸುತ್ತದೆ. ಹೆಚ್ಚಿನವು ಚಿಗುರುವುದಿಲ್ಲ. ಮರ ವರ್ಷ ವರ್ಷವೂ ಅವುಗಳನ್ನು ಬಳಸಿಕೊಂಡು ದಪ್ಪವಾಗುತ್ತದೆ. ಕೊಯ್ದಾಗ ಒಂದೊಂದು ಮೊಗ್ಗೂ ಒಂದೊಂದು ಕಣ್ಣಾಗಿ ಕಾಣುತ್ತದೆ, ಸುತ್ತಲಿನ ಎಳೆ ಸುಳಿಸುಳಿಯಾಗಿರುತ್ತದೆ.

ಎಲ್ಲ ಗಂಟಿನಲ್ಲೂ ಕಣ್ಣು ಇರುವುದಿಲ್ಲ, ಕೆಲವದರಲ್ಲಿ ಬರೀ ಸುಳಿ. ಕೊಯ್ಯುವ ಮೊದಲೇ ತಿಳಿಯಬೇಕೆಂದರೆ ಒಂದು ಬದಿಯ ತೊಗಟೆಯನ್ನು ಅಂಗೈಯಗಲ ಎಬ್ಬಿಸಿ ನೋಡಿ. ಅಡಿಯ ಮರ ಮೊನೆಮೊನೆಯಾಗಿ ಕೈಗೆ ಚುಚ್ಚಿದರೆ ಒಳಗೆ ಕಣ್ಣುಗಳಿವೆ. ನುಣುಪಾಗಿ ಅಲೆಅಲೆಯಾಗಿದ್ದರೆ ಸುಳಿ ಮಾತ್ರ.

ಈ ಕೆಲಸದ ಕಷ್ಟ, ಚೆಂದ ಎರಡಕ್ಕೂ ಕಾರಣ ಒಂದೇ: ಗಂಟಿನಲ್ಲಿ ಎಳೆಗೆ ದಿಕ್ಕಿಲ್ಲ. ಒಣಗಿಸುವುದು, ಕಡೆಯುವುದು, ಉಜ್ಜುವುದು, ಎಣ್ಣೆ ಹಚ್ಚುವುದು, ಯಾವುದಕ್ಕೂ ನೆಟ್ಟನೆಯ ಮರದ ಲೆಕ್ಕ ಇಲ್ಲಿ ಪೂರ್ತಿ ಸಲ್ಲುವುದಿಲ್ಲ.

ನಮ್ಮ ಕಡೆ ಯಾವ ಮರದ ಗಂಟು ಒಳ್ಳೆಯದು?

ಬೇವು, ಹುಣಸೆ, ಹಲಸು, ಮಾವು, ಮಳೆಮರಗಳಲ್ಲಿ ಗಂಟು ನೋಡಸಿಗುತ್ತದೆ. ಮೊದಲ ಸಲಕ್ಕೆ ಬೇವು ಅಥವಾ ಹಲಸು ಹಿಡಿಯಿರಿ. ಎರಡೂ ಹದವಾದ ಗಟ್ಟಿ, ಉಳಿಗೆ ಒಗ್ಗುತ್ತವೆ. ಹಲಸಿನ ಹಳದಿ ಬಣ್ಣ ಬೆಳಕಿಗೆ ಬಿದ್ದು ಕಂದುಗೆಂಪಾಗುತ್ತದೆ, ಅದನ್ನು ತಡೆಯಲಾಗದು. ಹುಣಸೆಯ ಚೇಗು ಕಲ್ಲಿನಂತೆ, ಉಳಿಯ ಮೊನೆ ಬೇಗ ಸಾಯುತ್ತದೆ. ಮಾವಿನದು ಮೃದು. ಹಸಿಯಾಗಿ ಮುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ನೀಲಿ-ಬೂದು ಬೂಷ್ಟಿನ ಕಲೆ ಒಳಕ್ಕಿಳಿಯುತ್ತದೆ.

ಹೊರದೇಶದಿಂದ ಬರುವ ಆಂಬೊಯ್ನ (ಆಗ್ನೇಯ ಏಷ್ಯದ ಹೊನ್ನೆ ಜಾತಿಯ ಗಂಟು), ಆಸ್ಟ್ರೇಲಿಯದ ನೀಲಗಿರಿ ಜಾತಿಯ ಗಂಟುಗಳು, ಅಮೆರಿಕದ ಪಶ್ಚಿಮ ಕರಾವಳಿಯ ಮೇಪಲ್ ಗಂಟುಗಳು ಬೆಲೆಬಾಳುವಂಥವು. ಕೈ ಕುದುರುವ ತನಕ ಅವುಗಳ ಗೊಡವೆ ಬೇಡ.

ತೋಟದ ಮರದಲ್ಲಿ ಗಂಟಿದೆ. ಅದನ್ನಷ್ಟೇ ಕೊಯ್ದುಕೊಳ್ಳಬಹುದೆ?

ಬೇಡ. ಗಂಟು ಕೊಯ್ದ ಜಾಗ ಮೊರದಗಲದ ಗಾಯವಾಗುತ್ತದೆ. ಮರ ಅದನ್ನು ಮುಚ್ಚಿಕೊಳ್ಳುವುದರೊಳಗೆ ಕೊಳೆ ಕಾಂಡಕ್ಕೆ ಇಳಿದಿರುತ್ತದೆ. ಗಾಳಿ-ಮಳೆಗೆ ಬಿದ್ದ ಮರ, ರಸ್ತೆ ಅಗಲೀಕರಣಕ್ಕೆ ಕಡಿದ ಮರ, ಸಾಮಿಲ್ಲಿನವರು ಸೌದೆಗೆಂದು ಬದಿಗೆ ಎಸೆದ ತುಂಡು, ಇವೇ ಬೇಕಾದಷ್ಟು ಸಿಗುತ್ತವೆ. ಕ್ಯಾಲಿಫೋರ್ನಿಯದ ರೆಡ್‌ವುಡ್ ಉದ್ಯಾನಗಳಲ್ಲಿ ರಾತ್ರಿ ಬಂದು ಜೀವಂತ ಮರದ ಗಂಟು ಕೊಯ್ಯುವ ಕಳ್ಳರ ಕಾಟಕ್ಕೆ 2014ರಲ್ಲಿ ಒಂದು ಇಡೀ ರಸ್ತೆಯನ್ನು ರಾತ್ರಿ ಹೊತ್ತು ಮುಚ್ಚಬೇಕಾಯಿತು.

ಕಾನೂನಿನ ಮಾತೂ ಇದೆ. ಕರ್ನಾಟಕದಲ್ಲಿ ಮರ ಕಡಿಯುವುದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ, ನಾಟಾ ಸಾಗಿಸುವುದಕ್ಕೆ 1963ರ ಅರಣ್ಯ ಕಾಯ್ದೆಯ ನಿಯಮಗಳು ಇವೆ. ಕೆಲವು ಜಾತಿಗೆ ವಿನಾಯಿತಿ ಉಂಟು. ಬೀಟೆ, ಶ್ರೀಗಂಧ, ತೇಗ, ಹೊನ್ನೆಯ ತುಂಡು ಕೈಗೆ ಬಂದರೆ ಗಾಡಿಗೆ ಏರಿಸುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.

ಗಂಟು ಆರಿಸುವಾಗ ಏನೇನು ನೋಡಬೇಕು?

ಸುತ್ತಿಗೆಯ ಹಿಡಿಯಿಂದ ತಟ್ಟಿ. ಟಣ್ ಎಂದರೆ ಗಟ್ಟಿ, ದೊಬ್ ಎಂದರೆ ಒಳಗೆ ಟೊಳ್ಳು ಅಥವಾ ಕೊಳೆ. ಕೊಯ್ದ ಮುಖದಲ್ಲಿ ನಡುವಿನಿಂದ ಅಂಚಿನವರೆಗೆ ಓಡಿದ ಬಿರುಕಿದ್ದರೆ ಬಿಟ್ಟುಬಿಡಿ. ಕಣ್ಣುಗಳ ನಡುವಿನ ಸಣ್ಣಪುಟ್ಟ ಬಿರುಕು, ಒಳಗೆ ಸಿಕ್ಕಿಕೊಂಡ ತೊಗಟೆಯ ಪಟ್ಟಿ ಇದ್ದರೆ ಅಡ್ಡಿಯಿಲ್ಲ. ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಬಿದ್ದಿದೆ.

ಊರ ಬೇವಿನ ಮರಕ್ಕೆ ಜನ ಏನನ್ನಾದರೂ ಹೊಡೆದಿರುತ್ತಾರೆ. ಜಾಹೀರಾತು ಹಲಗೆಯ ಮೊಳೆ, ದನ ಕಟ್ಟಿದ ಗೂಟ, ಬೇಲಿ ತಂತಿ ಎಲ್ಲವನ್ನೂ ಮರ ನುಂಗಿಕೊಂಡಿರುತ್ತದೆ. ಮೆಟಲ್ ಡಿಟೆಕ್ಟರ್ ಇದ್ದರೆ ಒಮ್ಮೆ ಆಡಿಸಿ. ಇಲ್ಲದಿದ್ದರೆ ಕೊಯ್ದ ಮುಖದಲ್ಲಿ ಶಾಯಿಯಂಥ ಕಪ್ಪು-ನೀಲಿ ಗೆರೆ ಇದೆಯೇ ನೋಡಿ. ಕಬ್ಬಿಣ ಹಸಿ ಮರದಲ್ಲಿ ಬಿಡುವ ಗುರುತು ಅದು.

ತಂದ ತಕ್ಷಣ ಕೆಲಸ ಶುರು ಮಾಡಲಾಗದಿದ್ದರೆ?

ನೆಟ್ಟಗಿನ ತುಂಡಿಗೆ ಎರಡು ತುದಿಗೆ ಮಾತ್ರ ಮೇಣ ಹಚ್ಚಿದರೆ ಸಾಕು. ಗಂಟಿನಲ್ಲಿ ಎಲ್ಲ ಕಡೆಯೂ ತುದಿಯೇ, ಆದ್ದರಿಂದ ಕೊಯ್ದ ಮೈಗೆಲ್ಲ ಹಚ್ಚಬೇಕು. ಪ್ಯಾರಾಫಿನ್ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಉರಿಯ ಮೇಲಿಟ್ಟರೆ ಹೊತ್ತಿಕೊಳ್ಳುತ್ತದೆ. ಬ್ರಷ್ಷಿನಿಂದ ಎರಡು ಸಲ ಬಳಿಯಿರಿ. ತೊಗಟೆ ತೆಗೆಯಬೇಡಿ. ನೆಲಕ್ಕೆ ತಾಗದಂತೆ ರೀಪಿನ ಮೇಲೆ, ನೆರಳಿನಲ್ಲಿ, ಫ್ಯಾನಿನ ಗಾಳಿ ಸಿಗದ ಕಡೆ ಇಡಿ.

ಕುಟ್ಟೆಯ ಭಯವಿದ್ದರೆ ಮೇಣಕ್ಕೆ ಮೊದಲು 1 ಲೀಟರ್ ಬೆಚ್ಚನೆಯ ನೀರಿಗೆ 20 ಗ್ರಾಂ ಬೋರಿಕ್ ಆಸಿಡ್, 30 ಗ್ರಾಂ ಬೋರಾಕ್ಸ್ ಕರಗಿಸಿ ಧಾರಾಳವಾಗಿ ಬಳಿಯಿರಿ. ಹುಳ ತಿನ್ನುವುದು ಹೆಚ್ಚಾಗಿ ಹೊರಗಿನ ಬಿಳಿ ಭಾಗವನ್ನು, ಅಲ್ಲಿ ಪಿಷ್ಟ ಜಾಸ್ತಿ.

ತೊಗಟೆಯ ಕಡೆ ಬೋಗುಣಿಯ ಬಾಯಿ ಬರಬೇಕೋ, ತಳ ಬರಬೇಕೋ?

ಎರಡೂ ಆಗುತ್ತದೆ, ಬರುವ ಬೋಗುಣಿ ಮಾತ್ರ ಬೇರೆಬೇರೆ.

ತೊಗಟೆ ಮೇಲಕ್ಕೆ ಬಂದರೆ ಬಾಯಿಯ ಅಂಚು ಏರಿಳಿತವಾಗಿ, ಮುಳ್ಳುಮುಳ್ಳಾಗಿ, ತೊಗಟೆಯ ಕಪ್ಪು ಪಟ್ಟಿಯೊಡನೆ ಉಳಿಯುತ್ತದೆ. ನೋಡುವವರಿಗೆ ಇದೇ ಹೆಚ್ಚು ಹಿಡಿಸುವುದು. ಆದರೆ ಅಂಚಿನಲ್ಲಿ ಉಳಿಗೆ ಒಂದು ಸಲ ಮರ, ಒಂದು ಸಲ ಗಾಳಿ ಸಿಗುವುದರಿಂದ ಕೈ ಗಟ್ಟಿಯಿರಬೇಕು.

ತೊಗಟೆ ಕೆಳಕ್ಕೆ ಬಂದರೆ ಬಾಯಿ ಸಮ ವೃತ್ತ. ಕಣ್ಣುಗಳು ಮೊಗ್ಗಿನ ಮೊನೆಯ ಕಡೆ ದಟ್ಟವಾಗಿರುವುದರಿಂದ ತಳ ಮತ್ತು ಹೊರಮೈ ತುಂಬ ಕಣ್ಣು ಬರುತ್ತದೆ. ಕಡೆಯುವುದು ಸುಲಭ, ಮರ ಪೋಲಾಗುವುದೂ ಕಡಿಮೆ. ಮೊದಲ ಗಂಟನ್ನು ಹೀಗೇ ಮಾಡಿ.

ಹಸಿಯಾಗಿ ಕಡೆಯುವುದೋ, ಒಣಗಿಸಿ ಕಡೆಯುವುದೋ?

12 ಸೆಂ.ಮೀ. ದಪ್ಪದ ತುಂಡನ್ನು ಇಡಿಯಾಗಿ ಒಣಗಿಸಲು ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಬಿರುಕು ಬಿಡದೆ ಉಳಿಯುವುದು ಅಪರೂಪ. ಹಾಗಾಗಿ ಎರಡು ಹಂತದ ಕೆಲಸವೇ ಸರಿ.

ಮೊದಲು ಹಸಿಯಾಗಿರುವಾಗಲೇ ಒರಟಾಗಿ ಕಡೆಯಿರಿ. ಗೋಡೆಯ ದಪ್ಪ ಅಗಲದ ಹತ್ತನೇ ಒಂದು ಭಾಗ, ಅಂದರೆ ಇಲ್ಲಿ 30 ಮಿ.ಮೀ. ತಳದಿಂದ ಬಾಯಿಯವರೆಗೆ ಒಂದೇ ದಪ್ಪ ಇರಬೇಕು. ತಳ 45, ಬಾಯಿ 25 ಎಂದು ಬಿಟ್ಟರೆ ತೆಳುವಾದದ್ದು ಮೊದಲು ಒಣಗಿ ಕುಗ್ಗುತ್ತದೆ, ದಪ್ಪನೆಯದು ಬಿಡುವುದಿಲ್ಲ, ನಡುವೆ ಬಿರುಕು. ಒರಟು ಕಡೆತದ ಬಿರುಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆಯೇ.

ಆಮೇಲೆ ಬೋಗುಣಿಯ ಮೇಲೆ ತಾರೀಕು, ತೂಕ ಬರೆದು ಕಂದು ಕಾಗದದ ಚೀಲಕ್ಕೆ ಅಥವಾ ಎರಡು ಪದರ ದಿನಪತ್ರಿಕೆಗೆ ಸುತ್ತಿ ಇಡಿ. ಪ್ಲಾಸ್ಟಿಕ್ ಬೇಡ, ಬೂಷ್ಟು ಹಿಡಿಯುತ್ತದೆ. ಮೊದಲ ಎರಡು ವಾರ ಕಾಗದ ತೇವವಾದ ಹಾಗೆಲ್ಲ ಬದಲಿಸಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಮೂರು ವಾರ ಒಂದೇ ಸಮನೆ ತೂಕ ನಿಂತರೆ ಒಣಗಿದೆ ಎಂದರ್ಥ. ಸಾಮಾನ್ಯವಾಗಿ 4ರಿಂದ 6 ತಿಂಗಳು ಹಿಡಿಯುತ್ತದೆ.

ಒಂದು ಎಚ್ಚರ. ಮರದ ತೇವ ಸುತ್ತಲಿನ ಗಾಳಿಯನ್ನು ಹಿಂಬಾಲಿಸುತ್ತದೆ. ಗಾಳಿಯ ತೇವಾಂಶ ಶೇ 50ರ ಹತ್ತಿರ ಇದ್ದರೆ ಮರದಲ್ಲಿ ಸುಮಾರು ಶೇ 9, ಗಾಳಿಯಲ್ಲಿ ಶೇ 80 ಇದ್ದರೆ ಮರದಲ್ಲಿ ಸುಮಾರು ಶೇ 16 ನೀರು ನಿಲ್ಲುತ್ತದೆ. ಮಂಗಳೂರಿನಲ್ಲೋ ಸಾಗರದಲ್ಲೋ ಆಟಿ-ಆಷಾಢದ ಮಳೆಯಲ್ಲಿ ತೂಕ ನಿಂತಿತೆಂದು ಕೊನೆಯ ಕಡೆತಕ್ಕೆ ಕೂತರೆ ಬೇಸಗೆಯಲ್ಲಿ ಅದು ಮತ್ತೆ ಕುಗ್ಗುತ್ತದೆ. ಮಳೆನಾಡಿನವರು ಕೊನೆಯ ಕಡೆತವನ್ನು ಫೆಬ್ರವರಿ–ಏಪ್ರಿಲ್‌ಗೆ ಇಟ್ಟುಕೊಳ್ಳುವುದು ಲೇಸು.

ಒರಟು ಬೋಗುಣಿಯನ್ನು ನೀರಿನಲ್ಲಿ ಕುದಿಸಿ ಒಣಗಿಸುವ ಪದ್ಧತಿಯೂ ಇದೆ, ದಪ್ಪ ಇಂಚಿಗೆ ಒಂದು ಗಂಟೆಯಂತೆ. ಬಿರುಕು ಕಡಿಮೆಯಾಗುತ್ತದೆ. ತೊಗಟೆ ಉಳಿಸಿಕೊಳ್ಳಬೇಕೆಂದಿದ್ದರೆ ಕುದಿಸಬೇಡಿ, ಸಡಿಲವಾಗಿ ಬಿಟ್ಟುಕೊಂಡು ಬರುತ್ತದೆ.

ಹಸಿಯಲ್ಲೇ ಒಂದೇ ಸಲಕ್ಕೆ 5 ಮಿ.ಮೀ.ಗೆ ತೆಳುವಾಗಿ ಕಡೆದು ಮುಗಿಸಿದರೆ? ಅದೂ ಸರಿಯೇ. ಗೋಡೆ ತೆಳುವಾದ್ದರಿಂದ ಒಡೆಯುವ ಬದಲು ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಕಣ್ಣುಗಳು ಉಬ್ಬಿ, ನಡುವೆ ತಗ್ಗಾಗಿ, ಮೈಯೆಲ್ಲ ಕಡಲೆಕಾಯಿ ಸಿಪ್ಪೆಯ ಹಾಗೆ ಒರಟಾಗುತ್ತದೆ. ಕೆಲವರು ಅದಕ್ಕಾಗಿಯೇ ಹೀಗೆ ಮಾಡುತ್ತಾರೆ. ನುಣುಪು ಬೇಕಾದವರಿಗೆ ಇದು ದಾರಿಯಲ್ಲ.

ಎಂಥ ಲೇತ್ ಬೇಕು? ಎಷ್ಟು ವೇಗ?

30 ಸೆಂ.ಮೀ. ಬೋಗುಣಿಗೆ ಕನಿಷ್ಠ 14 ಇಂಚು ಅಗಲ ತಿರುಗಿಸಬಲ್ಲ, 1 ಎಚ್‌ಪಿ ಮೋಟರಿನ, ವೇಗ ಕೆಳಕ್ಕೆ 250 ಆರ್‌ಪಿಎಂ ತನಕ ಇಳಿಸಬಲ್ಲ ಲೇತ್ ಇರಲಿ. ಟೇಬಲ್ ಮೇಲಿಡುವ ಸಣ್ಣ ಲೇತಿನವರು 18–20 ಸೆಂ.ಮೀ. ಗಂಟಿಗೆ ತೃಪ್ತರಾಗಿ.

ವೇಗಕ್ಕೆ ಒಂದು ಅಂದಾಜು ಲೆಕ್ಕ ಇದೆ: ಇಂಚಿನಲ್ಲಿ ಅಗಲವನ್ನು ಆರ್‌ಪಿಎಂನಿಂದ ಗುಣಿಸಿದರೆ 6000–9000 ಬರಬೇಕು. 12 ಇಂಚಿಗೆ 500ರಿಂದ 750. ಇದು ಮರ ಸಮತೂಕಕ್ಕೆ ಬಂದ ಮೇಲಿನ ಮಾತು. ಗಂಟು ಒಂದು ಕಡೆ ಭಾರ, ಒಂದು ಕಡೆ ಹಗುರ ಇರುತ್ತದೆ, ಆದ್ದರಿಂದ 250–300ರಲ್ಲಿ ಶುರು ಮಾಡಿ, ಲೇತ್ ನಡುಗುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಟ್ಟುಕೊಂಡು ಏರಿಸುತ್ತ ಹೋಗಿ. 500 ಆರ್‌ಪಿಎಂನಲ್ಲಿ ಅಂಚು ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದನ್ನು ಇಮ್ಮಡಿಸಿದರೆ ಸಿಡಿದ ಚೂರಿನ ಹೊಡೆತ ನಾಲ್ಕು ಪಟ್ಟು. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಇಲ್ಲದೆ ಸ್ವಿಚ್ ಒತ್ತಬೇಡಿ. ಹಾಗೆಯೇ ಸ್ವಿಚ್ ಹಾಕುವಾಗ ತಿರುಗುವ ಮರದ ಎದುರು ಸಾಲಿನಲ್ಲಿ ನಿಲ್ಲಬೇಡಿ.

ಲೇತಿಗೆ ಹಿಡಿಸುವುದು ಹೇಗೆ? ಸ್ಕ್ರೂ ಹಿಡಿಯುತ್ತದೆಯೆ?

ಮೊದಲು ಎರಡು ತುದಿಯ ನಡುವೆ ಹಿಡಿಸಿ: ಮೋಟರಿನ ಕಡೆ ಹಲ್ಲಿನ ಸ್ಪರ್, ಎದುರು ಕಡೆ ತಿರುಗುವ ಸೆಂಟರ್. ಇಲ್ಲಿ ಇನ್ನೂ ಜರುಗಿಸಲು ಅವಕಾಶವಿರುತ್ತದೆ. ಕೈಯಿಂದ ತಿರುಗಿಸಿ ನೋಡಿ, ಬಾಯಿಯ ಏರಿಳಿತ ಎರಡು ಬದಿಗೂ ಒಪ್ಪುವ ಹಾಗೆ ತುಂಡನ್ನು ವಾಲಿಸಿ. ಈ ಹತ್ತು ನಿಮಿಷದ ಓಲಾಟದಲ್ಲೇ ಬೋಗುಣಿಯ ಅರ್ಧ ಚೆಂದ ತೀರ್ಮಾನವಾಗುತ್ತದೆ. ತೊಗಟೆಯ ಕಡೆ ಸ್ಪರ್ ಊರುವ ಜಾಗದಲ್ಲಿ ತೊಗಟೆಯನ್ನು ತೂತು ಕೊರೆದು ತೆಗೆದು ಗಟ್ಟಿ ಮರಕ್ಕೆ ಹಲ್ಲು ಕಚ್ಚಿಸಬೇಕು. ತೊಗಟೆಯ ಮೇಲೇ ಊರಿದರೆ ಜಾರುತ್ತದೆ.

ಹೊರಮೈ ಉರುಟಾದ ಮೇಲೆ ತಳದಲ್ಲಿ ಚಕ್ಕಿನ (ಮರವನ್ನು ಕಚ್ಚಿ ಹಿಡಿಯುವ ಲೇತಿನ ಭಾಗ) ದವಡೆಗೆ ಟೆನನ್, ಅಂದರೆ ಹಿಡಿತಕ್ಕೆ ಒಂದು ಗಿಡ್ಡ ಉರುಟು ಮೊಟ್ಟು, ಕಡೆಯಿರಿ. ಅಗಲ ಬೋಗುಣಿಯ ಮೂರನೇ ಒಂದು ಭಾಗ, ಇಲ್ಲಿ 100 ಮಿ.ಮೀ.; ಉದ್ದ 8–10 ಮಿ.ಮೀ. ಟೆನನ್ ಚಕ್ಕಿನ ತಳಕ್ಕೆ ಮುಟ್ಟಬಾರದು, ಅದರ ಭುಜ ದವಡೆಯ ಮೇಲ್ಮೈಗೆ ಕೂರಬೇಕು. ತಳಕ್ಕೆ ಮುಟ್ಟಿದರೆ ಭುಜಕ್ಕೆ ಆಧಾರವಿಲ್ಲದೆ ಒಂದು ಪೆಟ್ಟಿಗೇ ಟೆನನ್ ಮುರಿಯುತ್ತದೆ. ಒಣಗುವಾಗ ಅದೂ ಸೊಟ್ಟಗಾಗುವುದರಿಂದ ಒರಟು ಕಡೆತದಲ್ಲಿ 10 ಮಿ.ಮೀ. ಹೆಚ್ಚು ಅಗಲ ಬಿಟ್ಟಿರಿ, ಎರಡನೇ ಹಂತಕ್ಕೆ ಮತ್ತೆ ಉರುಟು ಮಾಡಿಕೊಳ್ಳಬಹುದು. 50 ಮಿ.ಮೀ. ದವಡೆ ಮಾತ್ರ ಇದ್ದರೆ 20 ಸೆಂ.ಮೀ.ಗಿಂತ ದೊಡ್ಡದಕ್ಕೆ ಕೈ ಹಾಕಬೇಡಿ.

ತಳದ ಮರ ಮೆತ್ತಗಿದ್ದರೆ, ತೊಗಟೆಯ ಪಟ್ಟಿ ಅಡ್ಡ ಹಾಯ್ದಿದ್ದರೆ ಟೆನನ್ ನಂಬಬೇಡಿ. ಫೇಸ್‌ಪ್ಲೇಟ್ (ಸ್ಕ್ರೂ ಬಿಗಿಯಲು ತೂತುಗಳಿರುವ ಲೋಹದ ತಟ್ಟೆ) ಹಾಕಿ, ಗಟ್ಟಿ ಮರದೊಳಗೆ 25–30 ಮಿ.ಮೀ. ಇಳಿಯುವ ದಪ್ಪ ಸ್ಕ್ರೂಗಳನ್ನು ಬಿಗಿಯಿರಿ. ಜಿಪ್ಸಮ್ ಹಲಗೆಗೆ ಬಳಸುವ ಕಪ್ಪು ಸ್ಕ್ರೂ ಬೇಡ. ಅದು ಬಾಗುವುದಿಲ್ಲ, ತಟಕ್ಕನೆ ಮುರಿಯುತ್ತದೆ. ಒಣಗಿದ ಗಂಟಾದರೆ ಬೇರೆ ಮರದ ತುಂಡೊಂದನ್ನು ಅರಾಲ್ಡೈಟ್ ಬಗೆಯ ಎಪಾಕ್ಸಿ ಅಂಟಿನಿಂದ ತಳಕ್ಕೆ ಅಂಟಿಸಿ ಅದರಲ್ಲಿ ಟೆನನ್ ಮಾಡಬಹುದು. ಹಸಿ ಮರಕ್ಕೆ ಫೆವಿಕಾಲ್ ಬಗೆಯ ಬಿಳಿ ಅಂಟು ಹಿಡಿಯುವುದಿಲ್ಲ.

ಸಾಧ್ಯವಿರುವಷ್ಟು ಹೊತ್ತೂ ಎದುರಿನ ಸೆಂಟರ್ ಆಧಾರ ಕೊಟ್ಟುಕೊಂಡೇ ಕಡೆಯಿರಿ.

ಯಾವ ಉಳಿ ಬೇಕು?

ಹೈಸ್ಪೀಡ್ ಸ್ಟೀಲಿನ 12 ಮಿ.ಮೀ. ಬೌಲ್ ಗೌಜ್ (ಬೋಗುಣಿ ಕಡೆಯುವ ತೋಡುಬಾಯಿಯ ಉಳಿ) ಒಂದು, ಮೂತಿಯ ಕೋನ 55–60 ಡಿಗ್ರಿ, ಎರಡು ರೆಕ್ಕೆ ಹಿಂದಕ್ಕೆ ಮಸೆದದ್ದು. ಕೊನೆಯ ನುಣುಪಿಗೆ ಉರುಟು ಮೂತಿಯ ಸ್ಕ್ರೇಪರ್, ಅಂದರೆ ಹೆರೆಯುವ ಉಳಿ. ಇವೆರಡರಲ್ಲಿ ಇಡೀ ಕೆಲಸ ಮುಗಿಯುತ್ತದೆ. ಕಂಬ-ಕಾಲು ಉರುಟು ಮಾಡುವ ಅಗಲ ಬಾಯಿಯ ರಫಿಂಗ್ ಗೌಜನ್ನು ಬೋಗುಣಿಗೆ ತಾಗಿಸಲೇಬೇಡಿ. ಅದರ ಬಾಲ ತೆಳು, ಹಿಡಿಯ ಹತ್ತಿರ ಮುರಿದು ಕೈ-ಮುಖಕ್ಕೆ ಬಂದ ಪ್ರಸಂಗಗಳು ಬೇಕಾದಷ್ಟಿವೆ.

ಸಾಣೆ ಎಷ್ಟು ಸಲ ಎಂದರೆ, ಸುರುಳಿ ಸಿಪ್ಪೆ ಬರುವುದು ನಿಂತು ಹೊಟ್ಟು ಉದುರಲು ಶುರುವಾದ ಕೂಡಲೆ. ಕೊನೆಯ ಎರಡು ಸುತ್ತಿಗೆ ಮೊದಲಂತೂ ತಪ್ಪದೆ.

ಎಳೆಗೆ ದಿಕ್ಕಿಲ್ಲ ಎಂದಮೇಲೆ ಯಾವ ಕಡೆಯಿಂದ ಕಡೆಯಬೇಕು?

ಸಾಮಾನ್ಯ ಬಟ್ಟಲಿಗೆ ಹೊರಮೈಯನ್ನು ತಳದಿಂದ ಬಾಯಿಗೆ, ಒಳಮೈಯನ್ನು ಬಾಯಿಯಿಂದ ನಡುವಿಗೆ ಕಡೆಯುತ್ತೇವೆ. ಇಲ್ಲೂ ಅದನ್ನೇ ಪಾಲಿಸಿ, ಆದರೆ ನಂಬಿ ಕೂರಬೇಡಿ. ಒಂದು ಕಣ್ಣಿನ ಈ ಬದಿ ನುಣುಪಾಗಿ ಬಂದರೆ ಆ ಬದಿ ಸಿಬಿರೇಳಬಹುದು. ಅಲ್ಲಿ ಗೌಜನ್ನು ಎದುರು ದಿಕ್ಕಿಗೆ ಎಳೆದು ನೋಡಿ. ಕೊನೆಯ ಸುತ್ತಿನಲ್ಲಿ ಸಿಪ್ಪೆ ಕಾಗದದಷ್ಟು ತೆಳುವಾಗಿರಲಿ, ಗೌಜ್ ಮುಂದೆ ಸಾಗುವುದು ನಿಧಾನವಾಗಲಿ. ಆಗಲೂ ಸಿಬಿರು ನಿಲ್ಲದಿದ್ದರೆ ಆ ಜಾಗಕ್ಕೆ ತೆಳು ಶೆಲ್ಯಾಕ್ (ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು) ಬಳಿದು, ಹತ್ತು ನಿಮಿಷ ಬಿಟ್ಟು, ಆಗಷ್ಟೇ ಮಸೆದ ಗೌಜಿನಿಂದ ಇನ್ನೊಂದು ಸುತ್ತು ಹೋಗಿ.

ಒಳಮೈಯನ್ನು ಹಂತಹಂತವಾಗಿ ಮುಗಿಸುತ್ತ ಇಳಿಯಬೇಕು. ಬಾಯಿಯಿಂದ 25 ಮಿ.ಮೀ. ಆಳದವರೆಗೆ ಕೊನೆಯ ದಪ್ಪಕ್ಕೆ ತಂದು, ಆಮೇಲೆ ಮುಂದಿನ 25 ಮಿ.ಮೀ. ನಡುವಿನ ಮರ ಅಲ್ಲಿಯವರೆಗೂ ಇರಲಿ, ಅದರ ಭಾರ ಗೋಡೆ ಅದುರದಂತೆ ಹಿಡಿದಿಡುತ್ತದೆ. ಒಮ್ಮೆ ಕೆಳಗಿಳಿದ ಮೇಲೆ ಬಾಯಿಯ ಹತ್ತಿರ ಮತ್ತೆ ಉಳಿ ತಾಗಿಸಿದರೆ ತೆಳು ಗೋಡೆ ಬಾಗಿ, ಉಳಿ ಕಚ್ಚಿ, ಅಂಚು ಹಾರಿಹೋಗುತ್ತದೆ.

ಏರಿಳಿತದ ಅಂಚಿನಲ್ಲಿ ಗಾಳಿ-ಮರ-ಗಾಳಿ ಎಂದು ಉಳಿ ಕುಣಿಯುತ್ತದೆ. ಬೆವೆಲನ್ನು (ಉಳಿಯ ಮೊನೆಯ ಹಿಂದಿನ ಓರೆ ಮೈ) ಮರಕ್ಕೆ ಒತ್ತಬೇಡಿ. ಒತ್ತಿದರೆ ಮರವಿಲ್ಲದ ಜಾಗಕ್ಕೆ ಉಳಿ ನುಗ್ಗಿ, ಮುಂದಿನ ಏರು ಬಂದು ಗುದ್ದುತ್ತದೆ. ಹಿಡಿಯನ್ನು ಸೊಂಟಕ್ಕೆ ಆನಿಸಿ, ಉಳಿಯನ್ನು ಅದರ ಆಸರೆಯಾದ ಟೂಲ್ ರೆಸ್ಟಿನ ಮೇಲೆ ಗಟ್ಟಿಯಾಗಿ ಕೂರಿಸಿ, ಮೈಯನ್ನೇ ವಾಲಿಸುತ್ತ ಮುಂದೆ ಹೋಗಿ. ಬೋಗುಣಿಯ ಹಿಂದೆ ಕಪ್ಪು ಬಟ್ಟೆ ಇಟ್ಟು ಬೆಳಕು ಬಿಟ್ಟರೆ ತಿರುಗುವ ಅಂಚಿನ ಮಸುಕು ನೆರಳು ಚೆನ್ನಾಗಿ ಕಾಣುತ್ತದೆ. ಆ ನೆರಳಿನೊಳಗೆ ಬೆರಳು ಹೋಗಬಾರದು.

ತೊಗಟೆ ಬಿದ್ದುಹೋಗದಂತೆ ಏನು ಮಾಡಬೇಕು?

ಮರ ಬೆಳವಣಿಗೆ ನಿಲ್ಲಿಸಿದ್ದ ಒಣ ತಿಂಗಳಲ್ಲಿ ಕಡಿದದ್ದಾದರೆ ತೊಗಟೆ ತಾನೇ ಗಟ್ಟಿ ಕೂತಿರುತ್ತದೆ. ಚಿಗುರುವ ಕಾಲದ್ದಾದರೆ ಸಿಪ್ಪೆಯ ಹಾಗೆ ಬರುತ್ತದೆ. ಅದನ್ನು ಪೂರ್ತಿ ಕಿತ್ತು, ಅಡಿಯ ಮುಳ್ಳುಮುಳ್ಳು ಮೈಯನ್ನು ಹಿತ್ತಾಳೆ ತಂತಿ ಬ್ರಷ್ಷಿನಿಂದ ತಿಕ್ಕಿ ಹಾಗೇ ಬಿಡುವುದು ಒಳ್ಳೆಯದು. ಅರ್ಧಂಬರ್ಧ ತೊಗಟೆ ಕಣ್ಣಿಗೆ ಕೊಳಕು.

ಉಳಿಸುವುದಾದರೆ ಒರಟು ಕಡೆತ ಮುಗಿದ ಕೂಡಲೆ ತೊಗಟೆ-ಮರ ಕೂಡುವ ಗೆರೆಗೆ ಒಳಗಿನಿಂದಲೂ ಹೊರಗಿನಿಂದಲೂ ಫೆವಿಕ್ವಿಕ್ ಬಗೆಯ ನೀರಿನಷ್ಟು ತೆಳು ಅಂಟು ಬಿಡಿ. ಅದಕ್ಕೂ ಮೊದಲು ಪಕ್ಕದ ಮರಕ್ಕೆ ಒಂದು ಕೈ ಶೆಲ್ಯಾಕ್ ಬಳಿದಿರಬೇಕು, ಇಲ್ಲವಾದರೆ ಅಂಟು ಹರಿದ ಕಡೆ ಎಣ್ಣೆ ಹಿಡಿಯದೆ ಕಲೆ ಉಳಿಯುತ್ತದೆ. ಚೆಲ್ಲಿದ ಅಂಟನ್ನು ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿ ಅದರೊಡನೆ ಸೇರಿ ಹೊಗೆಯಾಡುವಷ್ಟು ಕಾಯುತ್ತದೆ.

ಯಾವ ಆಕಾರ ಚೆನ್ನ?

ಗೆರೆ ಕಡಿಮೆಯಿದ್ದಷ್ಟೂ ಚೆನ್ನ. ತಳದಿಂದ ಬಾಯಿಗೆ ಒಂದೇ ಓಟದ ಬಾಗು, ಅಗಲದ ಮೂರನೇ ಒಂದಕ್ಕಿಂತ ಚಿಕ್ಕ ಪಾದ, 6–8 ಮಿ.ಮೀ. ಗೋಡೆ. ಮಣಿ, ತೋಡು, ಕಂಠ ಇವೆಲ್ಲ ಸಾದಾ ಮರಕ್ಕೆ ಇರಲಿ. ಅಮೆರಿಕದ ಮೆಲ್ ಲಿಂಡ್‌ಕ್ವಿಸ್ಟ್ ಮತ್ತು ಮಗ ಮಾರ್ಕ್ ಲಿಂಡ್‌ಕ್ವಿಸ್ಟ್ ಕಳೆದ ಶತಮಾನದಲ್ಲಿ ಗಂಟು, ಕೊಳೆಗೆರೆ ಬಿದ್ದ ಮರಗಳನ್ನು ಕಡೆದು ಕಲಾಕೃತಿಗಳ ಮಟ್ಟಕ್ಕೆ ಏರಿಸಿದಾಗ ಮರದ ಊನವನ್ನೇ ಎದುರಿಗಿಟ್ಟರು. ಅಲ್ಲಿಂದ ಕಲಿಯಬೇಕಾದದ್ದು ಅದು.

ಬಿರುಕು, ಟೊಳ್ಳುಗಳನ್ನು ತುಂಬಬೇಕೆ?

ಗೋಡೆಯ ಬಲಕ್ಕೆ ಧಕ್ಕೆಯಿಲ್ಲದಿದ್ದರೆ ಬಿಟ್ಟುಬಿಡಿ. ಕಡೆಯುವಾಗ ಹಾರುವ ಭಯವಿದ್ದರೆ ತುಂಬಿ. ಅರಾಲ್ಡೈಟಿನ ಎರಡು ಟ್ಯೂಬಿನಿಂದ ಸಮಸಮ ಹಿಂಡಿ, ಸೋಸಿ ಬಿಸಾಡುವ ಫಿಲ್ಟರ್ ಕಾಫಿಯ ಚರಟವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಬೆರೆಸಿದರೆ ತೊಗಟೆಯ ಬಣ್ಣಕ್ಕೆ ಹೊಂದುವ ಗಾರೆ ಸಿಗುತ್ತದೆ. ಇನ್‌ಸ್ಟಂಟ್ ಕಾಫಿ ಬೇಡ. ಒಂದು ಸಲಕ್ಕೆ 5 ಮಿ.ಮೀ.ಗಿಂತ ದಪ್ಪ ತುಂಬಬೇಡಿ, ಒಂದು ಪೂರ್ತಿ ದಿನ ಗಟ್ಟಿಯಾಗಲು ಬಿಡಿ. ಹಿತ್ತಾಳೆ ಅರದ ಪುಡಿಯೂ ನಡೆಯುತ್ತದೆ, ಆದರೆ ಉಜ್ಜುವಾಗ ಅದರ ಕಣ ಬಿಳಿ ಮರದೊಳಗೆ ಸೇರಿ ಬೂದುಬಣ್ಣ ಬರುತ್ತದೆ. ಹೊಳೆಯುವ ನೀಲಿ-ಹಸಿರು ರಾಳ ತುಂಬುವ ಈಗಿನ ಖಯಾಲಿ ಒಳ್ಳೆಯ ಗಂಟಿಗೆ ಮಾಡುವ ಅನ್ಯಾಯ.

ಉಜ್ಜುವಾಗ ಹೊಸ ಬಿರುಕು ಕಾಣಿಸಿಕೊಂಡವು. ಏಕೆ?

ಬಿಸಿಗೆ. ಉಜ್ಜುವ ಶಾಖಕ್ಕೆ ಮೇಲ್ಪದರ ಒಮ್ಮೆಲೆ ಒಣಗಿ ಕಣ್ಣುಗಳ ಸುತ್ತ ಕೂದಲೆಳೆಯ ಬಿರುಕು ಬಿಡುತ್ತದೆ. ಬೆರಳಿಗೆ ಬಿಸಿ ತಾಗಿತೆಂದರೆ ಆಗಲೇ ಹೆಚ್ಚಾಯಿತು. ವೇಗ 300ಕ್ಕೆ ಇಳಿಸಿ, ಕಾಗದ ಹೊಸದಿರಲಿ, ಒತ್ತಬೇಡಿ. ಸವೆದ ಕಾಗದ ಕತ್ತರಿಸದೆ ಬರೀ ಕಾಯಿಸುತ್ತದೆ.

80, 120, 180, 240, 320, 400 ನಂಬರಿನ ಉಜ್ಜುಕಾಗದ, ಈ ಕ್ರಮದಲ್ಲಿ ಯಾವುದನ್ನೂ ಬಿಡದೆ ಬನ್ನಿ. 80ರಲ್ಲೇ ಅರ್ಧಕ್ಕಿಂತ ಹೆಚ್ಚು ಸಮಯ ಕಳೆಯಬೇಕು. ಅಲ್ಲಿ ಉಳಿದ ಸಿಬಿರು 400ರಲ್ಲಿ ಹೋಗುವುದಿಲ್ಲ, ಪಾಲಿಷ್ ಹಾಕಿದ ಮೇಲೆ ಎದ್ದು ಕಾಣುತ್ತದೆ. ಕಣ್ಣು ಗಟ್ಟಿ, ಸುತ್ತಲಿನದು ಮೃದು. ಮೆತ್ತನೆಯ ಸ್ಪಂಜಿನ ಪ್ಯಾಡಿನಿಂದ ಉಜ್ಜಿದರೆ ಮೃದು ಭಾಗ ಸವೆದು ಕಣ್ಣು ಗುಳ್ಳೆಯ ಹಾಗೆ ಎದ್ದು ನಿಲ್ಲುತ್ತದೆ. ಡ್ರಿಲ್ಲಿಗೆ 50 ಮಿ.ಮೀ. ವೆಲ್ಕ್ರೋ ಡಿಸ್ಕ್ ಹಾಕುವವರು ಗಟ್ಟಿ ಪ್ಯಾಡ್ ಕೇಳಿ ಕೊಳ್ಳಿ. ಏರಿಳಿತದ ಅಂಚನ್ನು ಲೇತ್ ನಿಲ್ಲಿಸಿಯೇ ಉಜ್ಜಬೇಕು.

ತಳದ ಟೆನನ್ ತೆಗೆಯುವುದು ಹೇಗೆ?

ಅಂಚು ಸಮವಿದ್ದರೆ ರಬ್ಬರ್ ಗುಂಡಿಯ ದೊಡ್ಡ ದವಡೆಗಳಲ್ಲಿ ಬೋಗುಣಿಯನ್ನು ಮಗುಚಿ ಹಿಡಿಸಬಹುದು. ಏರಿಳಿತದ ಅಂಚನ್ನು ಅವು ಹಿಡಿಯಲಾರವು. ಆಗ ಬೋಗುಣಿಯ ಒಳತಳಕ್ಕಿಂತ ಚಿಕ್ಕದಾದ, ಮೂತಿ ಉರುಟಾದ ಮರದ ಗುಟ್ಟೊಂದನ್ನು ಚಕ್ಕಿಗೆ ಹಾಕಿ, ಅದರ ಮೇಲೆ ಯೋಗ ಮ್ಯಾಟಿನ ತುಂಡು ಹೊದಿಸಿ, ಬೋಗುಣಿಯನ್ನು ಕವುಚಿಟ್ಟು ಎದುರಿನಿಂದ ಸೆಂಟರ್ ಒತ್ತಿ. ಟೆನನಿನಲ್ಲಿ ಮೊದಲಿನ ಸೆಂಟರ್ ಗುರುತು ಅಳಿಸದೆ ಇಟ್ಟುಕೊಂಡಿದ್ದರೆ ನೇರವಾಗಿ ಕೂರುತ್ತದೆ. ಹೆಬ್ಬೆರಳಷ್ಟು ಮೊಳಕೆ ಉಳಿಯುವ ತನಕ ಕಡೆದು, ಅದನ್ನು ಲೇತಿನಿಂದ ಇಳಿಸಿ ಚೂಪು ಉಳಿಯಿಂದ ತೆಗೆಯಿರಿ. ಪಾದದ ನಡು 1–2 ಮಿ.ಮೀ. ಒಳಕ್ಕೆ ತಗ್ಗಿರಲಿ, ಮೇಜಿನ ಮೇಲೆ ಅಲುಗಾಡುವುದಿಲ್ಲ.

ಪಾಲಿಷ್ ಯಾವುದು? ಮನೆಯ ಎಣ್ಣೆ ಆಗುತ್ತದೆಯೆ?

ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಅವು ಗಟ್ಟಿಯಾಗುವುದಿಲ್ಲ, ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಗಾಳಿಗೆ ಗಟ್ಟಿಯಾಗುವ ಎಣ್ಣೆ ಬೇಕು: ಬಾಯಿಲ್ಡ್ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ (ಟಂಗ್ ಮರದ ಬೀಜದ್ದು).

ಬಿಳಿಚು ಬಣ್ಣದ ಗಂಟಿಗೆ ಅಗಸೆ ಎಣ್ಣೆ ಹಳದಿ ಕೊಡುತ್ತದೆ, ಅಲ್ಲಿ ಶೆಲ್ಯಾಕ್ ಮೇಲು. ಹಲಸು, ಬೇವು, ಹುಣಸೆಗೆ ಎಣ್ಣೆ ಸೊಗಸು, ಕಣ್ಣಿನ ಆಳ ಎದ್ದು ಬರುತ್ತದೆ. ಮೊದಲ ಕೈ ಧಾರಾಳವಾಗಿ ಹಚ್ಚಿ, 20 ನಿಮಿಷ ಬಿಟ್ಟು ಒರೆಸಿ. ಇಲ್ಲೇ ಎಲ್ಲರೂ ಎಡವುವುದು: ಗಂಟಿನ ಸಣ್ಣ ರಂಧ್ರಗಳು, ತೊಗಟೆಯ ಸಂದುಗಳು ಕುಡಿದ ಎಣ್ಣೆಯನ್ನು ಗಂಟೆಗಟ್ಟಲೆ ಹನಿಹನಿಯಾಗಿ ಹೊರಕ್ಕೆ ಬಿಡುತ್ತವೆ. ಒರೆಸಿ ಮಲಗಿದರೆ ಬೆಳಗ್ಗೆ ಅಲ್ಲೆಲ್ಲ ಹೊಳೆಯುವ ಹಕ್ಕಳೆ. ಮೊದಲ ಎರಡು ಗಂಟೆ 15–20 ನಿಮಿಷಕ್ಕೊಮ್ಮೆ ಒರೆಸುತ್ತಿರಿ. ಹಕ್ಕಳೆ ಕಟ್ಟಿಯೇ ಹೋದರೆ 400ರ ಕಾಗದಕ್ಕೆ ಎಣ್ಣೆ ತಾಗಿಸಿ ಉಜ್ಜಿ ತೆಗೆಯಿರಿ. ದಿನ ಬಿಟ್ಟು ದಿನ ಇನ್ನೂ ಮೂರು ತೆಳು ಕೈ ಸಾಕು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿ ತಾನೇ ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಹರಡಿ ಒಣಗಿಸಿ, ಇಲ್ಲವೆ ನೀರು ತುಂಬಿದ ಡಬ್ಬಿಗೆ ಹಾಕಿ.

ಶೆಲ್ಯಾಕಿಗೆ 1 ಲೀಟರ್ ಪಾಲಿಷ್ ಸ್ಪಿರಿಟ್ಟಿಗೆ 120 ಗ್ರಾಂ ಚಕ್ಕೆ, ರಾತ್ರಿಯಿಡೀ ಕರಗಲಿ. ಮೊದಲ ಕೈಗೆ ಅದರಲ್ಲಿ ಅರ್ಧ ಸ್ಪಿರಿಟ್, ಅರ್ಧ ಪಾಲಿಷ್. ಮಳೆಗಾಲದ ಒದ್ದೆ ಗಾಳಿಯಲ್ಲಿ ಹಚ್ಚಿದರೆ ಮಂಜಿನಂಥ ಬಿಳುಪು ಕೂರುತ್ತದೆ, ಬಿಸಿಲಿರುವ ದಿನ ನೋಡಿಕೊಳ್ಳಿ.

ಎರಡು-ಮೂರು ವಾರ ಬಿಟ್ಟು ಎಣ್ಣೆ ಪೂರ್ತಿ ಗಟ್ಟಿಯಾದ ಮೇಲೆ 1440 ಆರ್‌ಪಿಎಂ ಮೋಟರಿನ ಮೇಲೆ 8 ಇಂಚು ಹತ್ತಿ ಬಟ್ಟೆಯ ಚಕ್ರದಿಂದ ಬಫ್ ಮಾಡಬಹುದು, ಕೊನೆಗೆ ಕಾರ್ನೌಬ ಮೇಣ (ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಗಟ್ಟಿ ಮೇಣ). ಚಕ್ರದ ಕೆಳ ಕಾಲುಭಾಗಕ್ಕೆ ಮಾತ್ರ ತಾಗಿಸಿ. ಏರಿಳಿತದ ಅಂಚನ್ನು ಚಕ್ರ ಕಸಿದು ನೆಲಕ್ಕೆ ಬಡಿಯುತ್ತದೆ, ತಿಂಗಳುಗಟ್ಟಲೆಯ ಕೆಲಸ ಒಂದು ಕ್ಷಣಕ್ಕೆ ಹೋಗುವುದು ಇಲ್ಲಿ.

ಪಿಯು (ಪಾಲಿಯುರೆಥೇನ್), ಮೆಲಮೈನ್ ಪಾಲಿಷ್‌ಗಳ ದಪ್ಪ ಹೊಳಪು ಗಂಟಿಗೆ ಗಾಜಿನ ಮುಸುಕು ಹಾಕಿದಂತೆ ಎಂಬುದು ನಮ್ಮ ಅಭಿಪ್ರಾಯ. ಬೇಕೇಬೇಕೆನ್ನುವವರು ಮ್ಯಾಟ್ ಬಗೆಯದನ್ನು ಕೊಳ್ಳಿ.

ಚನ್ನಪಟ್ಟಣದ ಬೊಂಬೆಗಳ ಹಾಗೆ ಅರಗು ಹಿಡಿಸಬಹುದೆ?

ಆ ಕಸುಬಿನಲ್ಲಿ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಹಿಡಿಯುತ್ತದೆ, ಮೇಲೆ ಎಲೆಯ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಅದಕ್ಕೆ ಒಂದೇ ಹದದ, ಸಂದುಗೊಂದಿಲ್ಲದ ಉರುಟು ಮೈ ಬೇಕು. ಗಂಟಿನ ಸಂದುಗಳಲ್ಲಿ ಅರಗು ಮುದ್ದೆಗಟ್ಟುತ್ತದೆ, ಶಾಖಕ್ಕೆ ಬಿರುಕೇಳುತ್ತದೆ, ಬಣ್ಣದ ಅರಗಾದರೆ ಕಣ್ಣುಗಳೇ ಮುಚ್ಚಿಹೋಗುತ್ತವೆ. ಸಮ ಅಂಚಿನ ಬೋಗುಣಿಯ ಪಾದದ ಸುತ್ತ ಒಂದು ಗೆರೆ ಹಾಕಿಕೊಳ್ಳಬಹುದು, ಅಷ್ಟೇ.

ಧೂಳಿನ ಬಗ್ಗೆ ಇಷ್ಟೊಂದು ಹೆದರಬೇಕೆ?

ಹೌದು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಬೇವಿನ ಧೂಳು ಮೂಗು-ಗಂಟಲು ಉರಿಸುತ್ತದೆ, ಬೀಟೆಯದು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕರ್ಚೀಫು ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು. ಕೆಲಸ ಮುಗಿದ ಮೇಲೂ ಸಣ್ಣ ಧೂಳು ಗಾಳಿಯಲ್ಲಿ ತೇಲುತ್ತಿರುತ್ತದೆ, ಅಷ್ಟು ಹೊತ್ತು ಮಾಸ್ಕ್ ತೆಗೆಯಬೇಡಿ.

ಇದರಲ್ಲಿ ಹಣ್ಣು, ತಿಂಡಿ ಇಡಬಹುದೆ?

ಒಣ ಹಣ್ಣು, ಬಾದಾಮಿ ಇಡಬಹುದು. ಸಂದುಗಳಲ್ಲಿ ನೀರು ನಿಲ್ಲುವುದರಿಂದ ತೊಳೆಯುವಂಥದ್ದು ಯಾವುದೂ ಬೇಡ.

ವಿದೇಶದಲ್ಲಿರುವ ಮಗಳಿಗೆ ಕಳಿಸಿದ ಬೋಗುಣಿ ಬಿರುಕು ಬಿಟ್ಟಿತು. ತಪ್ಪೆಲ್ಲಿ?

ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ನಮ್ಮ ಬೇಸಗೆಗಿಂತ ಒಣಗಿರುತ್ತದೆ. ಇಲ್ಲಿ ಒಣಗಿದ್ದ ಮರ ಅಲ್ಲಿ ಮತ್ತೆ ಕುಗ್ಗುತ್ತದೆ. ಕಳಿಸುವ ಉದ್ದೇಶವಿದ್ದರೆ ಗೋಡೆಯನ್ನು 6 ಮಿ.ಮೀ.ಗೆ ತೆಳು ಮಾಡಿ, ತಳವನ್ನೂ ಅಷ್ಟೇ ತೆಳುವಾಗಿಡಿ. ತಲುಪಿದ ಮೇಲೆ ಒಂದು ತಿಂಗಳು ಕಾಗದದಲ್ಲಿ ಸುತ್ತಿಟ್ಟು ನಿಧಾನವಾಗಿ ಹೊರತೆಗೆಯಲು ಹೇಳಿ. ಹೀಟರ್, ಎಸಿಯ ಗಾಳಿ ನೇರ ಬೀಳುವ ಜಾಗ ಬೇಡ. ಬೀಟೆಯ ಬೋಗುಣಿಯಾದರೆ ಇನ್ನೊಂದು ತೊಡಕಿದೆ. ಆ ಕುಲದ ಮರಗಳೆಲ್ಲ 2017ರಿಂದ ಅಳಿವಿನ ಭಯವಿರುವ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಪಾರ್ಸೆಲ್ ಮಾಡುವ ಮೊದಲು ಯಾವ ಕಾಗದ ಬೇಕೆಂದು ಕೇಳಿಕೊಳ್ಳಿ.

ವರ್ಷದ ಮೇಲೆ ಮೈ ಮಂಕಾದರೆ?

ಒಣ ಬಟ್ಟೆಯಿಂದ ಧೂಳು ಒರೆಸಿ, ಬ್ರಷ್ಷಿನಿಂದ ತೊಗಟೆಯ ಸಂದು ಬಿಡಿಸಿ. ಎಣ್ಣೆಯ ಮೈಯಾದರೆ ಒಂದು ತೆಳು ಕೈ ಅದೇ ಎಣ್ಣೆ, ಶೆಲ್ಯಾಕ್ ಆದರೆ ಜೇನುಮೇಣದ ಪಾಲಿಷ್. ಬಿದ್ದ ತೊಗಟೆಯ ಚೂರು ಸಿಕ್ಕಿದರೆ ತೆಳು ಅಂಟಿನಿಂದ ಕೂರಿಸಿ. ಸಿಗದಿದ್ದರೆ ಆ ಜಾಗದ ಚೂಪು ಅಂಚನ್ನು 240ರ ಕಾಗದದಿಂದ ಉಜ್ಜಿ ಎಣ್ಣೆ ಮುಟ್ಟಿಸಿ ಬಿಡಿ.